ಫಾರ್‌ಈಚ್ ವಾಕ್ಯವೂ ಸಂಗ್ರಹದ ಬಗೆಯೂ: ಒಂದು ವಿಮರ್ಶೆ

ಆಬ್ಜೆಕ್ಟ್ ಓರಿಯೆಂಟೆಡ್ ಪ್ರೋಗ್ರಾಮಿಂಗ್ ಭಾಷೆಗಳಲ್ಲಿ ಅನೇಕ ವಸ್ತುಗಳನ್ನು ಒಂದೆಡೆ ಕೂಡಿಡುವ ಸಂಗ್ರಹಗಳು ಎರಡು ವಿಧವಾಗಿರುವುವು. ಯಾವ ಬಗೆಯ ವಸ್ತುವನ್ನಾದರೂ ಒಳಕೊಳ್ಳುವುದು ಜೆನೆರಿಕ್ ಅಲ್ಲದ ಸಂಗ್ರಹ. ಇಂಥ ಬಗೆಯದನ್ನು ಮಾತ್ರ ಸೇರಿಸತಕ್ಕದ್ದೆಂದು ಮೊದಲೇ ಗೊತ್ತುಮಾಡಿದುದು ಜೆನೆರಿಕ್ ಸಂಗ್ರಹ. ಸಿ ಶಾರ್ಪ್ ಭಾಷೆಯಲ್ಲಿ ೨೦೦೨ರಲ್ಲಿ ಬಂದ ಅರೇಲಿಸ್ಟ್ ಮೊದಲನೆಯದಕ್ಕೂ, ೨೦೦೫ರಲ್ಲಿ ಬಂದ ಲಿಸ್ಟ್ ಎರಡನೆಯದಕ್ಕೂ ನಿದರ್ಶನಗಳು. ಎರಡನ್ನೂ ಆದ್ಯಂತವಾಗಿ ಒಂದೊಂದೇ ನೋಡುತ್ತ ಹೋಗುವ ಲೂಪ್ ಮಾತ್ರ ಒಂದೇ, ಅದೇ ಫಾರ್‌ಈಚ್. ಈ ಏಕರೂಪತೆಯನ್ನು ಗುಣವೆಂದು ಹೊಗಳುವುದುಂಟು. ಅದು ಎಷ್ಟರಮಟ್ಟಿಗೆ ಸರಿಯೆಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಶಾಸನಗಳ ಕಾಲಸೂಚಿಯೊಂದನ್ನು ಸಿದ್ಧಪಡಿಸುವಾಗ ಈ ಲೇಖಕನು ವರ್ಷಗಳನ್ನು ಅರೇಲಿಸ್ಟಿನಲ್ಲಿ ಕೂಡಿಟ್ಟಿದ್ದನು. ಹೆಚ್ಚಿನವು ೧೩೩೬ ಎಂಬಂಥ ಸಂಖ್ಯೆಗಳು. ನಡುವೆ ‘ಶಕ ೧೨೫೮’ ಎಂಬ ಬರಹವೊಂದು ಸೇರಿಹೋಗಿತ್ತು. ಪ್ರತಿಯೊಂದನ್ನೂ ಸಂಖ್ಯೆಯೆಂದೇ ಭಾವಿಸಿ ಬರೆದ ಲೂಪನ್ನು ಕಂಪೈಲರ್ ಆಕ್ಷೇಪವಿಲ್ಲದೆ ಒಪ್ಪಿತು. ಓಡಿಸಿದಾಗ ಆ ಬರಹದ ಬಳಿಗೆ ಬಂದೊಡನೆ ಪ್ರೋಗ್ರಾಂ ನಿಂತಿತು. ಹಿಂದಿನ ನಮೂದುಗಳು ಸೂಚಿಗೆ ಇಳಿದಿದ್ದವು, ಮುಂದಿನವು ಉಳಿದುಹೋದವು. ಕಾರಣವಿಷ್ಟೆ: ಫಾರ್‌ಈಚ್ ಪ್ರತಿಯೊಂದು ವಸ್ತುವನ್ನೂ ನಾವು ಹೇಳಿದ ಬಗೆಗೆ ತಾನಾಗಿಯೇ ಪರಿವರ್ತಿಸಲೆಳಸುತ್ತದೆ; ಆ ಪರಿವರ್ತನೆ ಮಾತ್ರ ಎಲ್ಲಿಯೂ ಕಣ್ಣಿಗೆ ಬೀಳದು. ೨೦೦೪ರಲ್ಲಿ ಜಾವಾ ಭಾಷೆಗೆ ಬಂದ ಇಂಥದೇ ಲೂಪ್ ಈ ಸಲಿಗೆಯನ್ನು ಕೊಡುವುದಿಲ್ಲ. ಜೆನೆರಿಕ್ ಅಲ್ಲದ ಸಂಗ್ರಹವಾದರೆ ಪರಿವರ್ತನೆಯನ್ನು ಕೈಯಾರ ಬರೆಯಬೇಕು. ಶ್ರಮ ಹೆಚ್ಚಾದರೂ ಹೊಣೆ ಯಾರದೆಂಬುದು ಸ್ಪಷ್ಟವಾಗಿರುತ್ತದೆ.

ಸಂಖ್ಯೆಗಳ ಲಿಸ್ಟಿಗಾದರೋ ಬರಹವನ್ನು ಸೇರಿಸಹೊರಟರೆ ಕಂಪೈಲರ್ ಬಾಗಿಲಲ್ಲಿಯೇ ತಡೆಯುತ್ತದೆ. ಅರೇಲಿಸ್ಟಿನಲ್ಲಿ ಸಂಖ್ಯೆಯೊಂದೊಂದನ್ನೂ ಪ್ರತ್ಯೇಕ ವಸ್ತುವಾಗಿ ಸುತ್ತಿಡಬೇಕಾದ ವ್ಯಯವೂ ತಪ್ಪುತ್ತದೆ. ಆದುದರಿಂದ ಹೊಸದಾಗಿ ಬರೆಯುವವರು ಲಿಸ್ಟನ್ನೇ ಆರಿಸತಕ್ಕದ್ದೆಂಬುದು ನಿರ್ವಿವಾದ.

ಆದರೆ ವಿಚಾರ ಇಲ್ಲಿಗೆ ಮುಗಿಯುವುದಿಲ್ಲ. ಅದೇ ಶಕವರ್ಷವನ್ನು ಬರಿಯ ೧೨೫೮ ಎಂದು ಬರೆದಿದ್ದರೆ ಲಿಸ್ಟ್ ಅದನ್ನು ಸ್ವೀಕರಿಸುತ್ತಿತ್ತು. ಲೂಪ್ ಕೊನೆಯವರೆಗೂ ನಿರಾತಂಕವಾಗಿ ಓಡುತ್ತಿತ್ತು. ಶಾಸನವು ೭೮ ವರ್ಷ ಹಿಂದಕ್ಕೆ ಸರಿಯುತ್ತಿತ್ತು. ಅರೇಲಿಸ್ಟಿನ ತಪ್ಪು ತನ್ನನ್ನು ತಾನೇ ತೋರಿಸಿಕೊಟ್ಟಿತು. ಈ ತಪ್ಪು ಸದ್ದಿಲ್ಲದೆ ಮುದ್ರಣದವರೆಗೂ ಹೋಗಬಲ್ಲದು. ಶಕವರ್ಷಕ್ಕೂ ಕ್ರಿಸ್ತವರ್ಷಕ್ಕೂ ಬೇರೆಬೇರೆ ಬಗೆಗಳನ್ನೇ ನಿರ್ಮಿಸಿ, ಸಂಗ್ರಹವನ್ನು ಅವುಗಳಲ್ಲೊಂದಕ್ಕೆ ಗೊತ್ತುಪಡಿಸುವುದೇ ಇದಕ್ಕೆ ಪರಿಹಾರ. ಜೆನೆರಿಕ್ ಸಂಗ್ರಹವು ನಾವು ಹೇಳಿದ ಭೇದವನ್ನು ಕಾಯುತ್ತದೆ, ಹೇಳದುದನ್ನು ಕಾಯದು. ಯಾವ ಭೇದವನ್ನು ಹೇಳಬೇಕೆಂಬ ನಿರ್ಣಯವು ವಿಷಯವನ್ನು ಬಲ್ಲವನದೇ ಆಗಿದೆ.