‘ಮೂಳೆ ಕಸಿ’ : ಒಂದು ವೈದ್ಯಪದದ ವಿಮರ್ಶೆ

ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯ ಕೋಡಿಯ ಮಠವನ್ನು ವರ್ಣಿಸುವ ಕ್ರಿ.ಶ. 1162ರ ಶಾಸನವು, ಆ ಮಠವನ್ನು ವೇದ, ವ್ಯಾಕರಣ, ದರ್ಶನ, ಕಾವ್ಯ, ನಾಟಕಗಳ ವ್ಯಾಖ್ಯಾನಸ್ಥಾನವೆಂದು ಕೊಂಡಾಡುವುದಲ್ಲದೆ, ನಾನಾ ರೋಗಿಗಳ ಚಿಕಿತ್ಸಾಸ್ಥಾನವೆಂದೂ ಹೇಳುತ್ತದೆ. ಶಬ್ದಶಾಸ್ತ್ರವೂ ವೈದ್ಯವೂ ಒಂದೇ ಸೂರಿನಡಿ ಇದ್ದುವೆಂಬುದು ಇಲ್ಲಿ ಗಮನಾರ್ಹವಾದುದು. ಈಗಿನ ಕನ್ನಡ ವೈದ್ಯಬರಹದಲ್ಲಿ ಇವೆರಡೂ ಒಂದನ್ನೊಂದು ಮಾತನಾಡಿಸುವುದು ಅಪರೂಪ. ವಸಡಿನ ರೋಗದಿಂದ ನಷ್ಟವಾದ ಮೂಳೆಯನ್ನು ಮತ್ತೆ ಬೆಳೆಸುವ ಚಿಕಿತ್ಸೆಗೆ ರೂಢಿಯಾಗಿರುವ ‘ಮೂಳೆ ಕಸಿ’ ಎಂಬ ಪದವು ಇದಕ್ಕೆ ಒಳ್ಳೆಯ ನಿದರ್ಶನ.

‘ಕಸಿ’ ತೋಟಗಾರನ ಮಾತು. ಸೊರಬದ ಕಡೆಯ ರೈತನು ಅಪ್ಪೆಮಿಡಿಯ ಕುಡಿಯನ್ನು ಕಾಟುಮಾವಿನ ಗಿಡಕ್ಕೆ ಕಟ್ಟುವಾಗ, ಆ ಕುಡಿಯು ಜೀವಂತವಾಗಿರಬೇಕು. ಬುಡದ ರಸವನ್ನುಂಡು ತನ್ನ ಜಾತಿಯ ಕಾಯನ್ನೇ ಬಿಡಬೇಕು. ಮೂತ್ರಪಿಂಡದ ವಿಷಯದಲ್ಲಿ ಈ ರೂಪಕವು ಸೊಗಸಾಗಿ ಹೊಂದುತ್ತದೆ. ವಸಡಿನ ವಿಷಯದಲ್ಲಿ ಹೊಂದುವುದೇ?

ಸುಶ್ರುತನು ದಂತಮೂಲರೋಗಗಳಲ್ಲಿ ಎಣಿಸಿದ ದಂತವೇಷ್ಟದಲ್ಲಿ ಕೀವು ರಕ್ತಗಳು ಸುರಿದು ಹಲ್ಲು ಅಲುಗುತ್ತದೆ. ಅಲುಗುವುದಕ್ಕೆ ಕಾರಣ, ಹಲ್ಲಿನ ಬೇರನ್ನು ಹಿಡಿದಿದ್ದ ಮೂಳೆಯು ಕರಗಿಹೋಗಿರುವುದು. ಈಗಿನ ಶಸ್ತ್ರವೈದ್ಯನು ವಸಡನ್ನು ಬಿಡಿಸಿ, ಬೇರನ್ನು ಶುಚಿಮಾಡಿ, ಮೂಳೆಯ ಕುಳಿಯಲ್ಲಿ ಕಾಳುಕಾಳಾದ ಪುಡಿಯನ್ನು ತುಂಬಿ, ಬೇಕಾದಲ್ಲಿ ಅದರ ಮೇಲೊಂದು ತೆಳುಪೊರೆಯನ್ನು ಹೊದಿಸಿ ಹೊಲಿಯುತ್ತಾನೆ. ಆ ಪುಡಿ ರೋಗಿಯ ದವಡೆಯಿಂದಲೇ ತೆಗೆದದ್ದಾಗಿರಬಹುದು; ಮೃತನಾದ ದಾನಿಯ ಮೂಳೆಯನ್ನು ಸಂಸ್ಕರಿಸಿದ್ದಾಗಿರಬಹುದು; ದನದ ಮೂಳೆಯಿಂದ ಜೈವಿಕಾಂಶವನ್ನೆಲ್ಲ ಕಳೆದು ಉಳಿಸಿಕೊಂಡ ಖನಿಜವಾಗಿರಬಹುದು; ಇಲ್ಲವೆ ಕ್ಯಾಲ್ಸಿಯಂ ಫಾಸ್ಫೇಟಿನಿಂದಲೋ ಜೈವಿಕ ಗಾಜಿನಿಂದಲೋ ಮಾಡಿದ ಕೃತಕವಸ್ತುವಾಗಿರಬಹುದು. ಮೊದಲನೆಯದೊಂದರ ಹೊರತು ಉಳಿದುವುಗಳಲ್ಲಿ ಜೀವಕೋಶವೇ ಇಲ್ಲ. ಖನಿಜವನ್ನು ಕಳೆದ ನಿರ್ಜೀವ ಮೂಳೆಯೂ ಹೊಸ ಮೂಳೆಯ ಹುಟ್ಟಿಗೆ ಪ್ರೇರಕವಾಗಬಲ್ಲುದೆಂದು ಮಾರ್ಷಲ್ ಯೂರಿಸ್ಟನು 1965ರಲ್ಲಿ ತೋರಿಸಿದನು, ನಿಜ. ಆದರೆ ಅಲ್ಲಿಯೂ ಬೆಳೆಯುವುದು ರೋಗಿಯ ಮೂಳೆಯೇ ಹೊರತು ಇಟ್ಟ ಮೂಳೆಯಲ್ಲ. ಕಸಿಯಲ್ಲಿ ಕುಡಿ ಫಲಿಸುತ್ತದೆ. ಇಲ್ಲಿ ಬುಡವೇ ಫಲಿಸಬೇಕು. ಗಾರೆಯವರು ಗೋಡೆಯೇರುವ ತನಕ ಕಟ್ಟುವ ‘ಸಾರವೆ’ ಎಂಬ ಮಾತು ಇದಕ್ಕೆ ಹತ್ತಿರ. ಆದರೂ ಆ ಉಪಮೆಯನ್ನು ಬಹಳ ಎಳೆಯಲಾಗದು: ದನದ ಮೂಳೆಯ ಕಾಳುಗಳು ಬೇಗ ಕರಗದೆ ವರ್ಷಗಟ್ಟಲೆ ಹೊಸ ಮೂಳೆಯೊಳಗೆ ನಿಂತುಬಿಡುವುದುಂಟು. ಇಳಿಸದೆ ಬಿಟ್ಟ ಸಾರವೆಯದು.

ರೂಪಕದ ದೋಷವನ್ನಾದರೂ ಕ್ಷಮಿಸಬಹುದು. ಸಮಾಸದ ದೋಷ ಅದಕ್ಕಿಂತ ಗುರುತರವಾದುದು. ‘ಮೂಳೆ ಕಸಿ’ ಎಂಬಲ್ಲಿ ಲೋಪವಾದ ವಿಭಕ್ತಿ ಯಾವುದು? ಮೂಳೆಯನ್ನು ಮಾಡುವ ಕಸಿಯೋ, ಮೂಳೆಯಿಂದಲೋ, ಮೂಳೆಗೋ? ಯಾವುದನ್ನು ಹಿಡಿದರೂ ‘ಯಾರ ಮೂಳೆ’ ಎಂಬ ಷಷ್ಠಿಯ ಪ್ರಶ್ನೆ ಉಳಿದೇ ಉಳಿಯುತ್ತದೆ. ಶಿಕಾರಿಪುರದ ಸಸ್ಯಾಹಾರಿ ಮನೆತನದ ಮುದುಕಿಯೊಬ್ಬಳು ಈ ಪದವನ್ನು ಕೇಳಿ ಒಪ್ಪಿಗೆಯ ಕಾಗದಕ್ಕೆ ರುಜು ಹಾಕಿದರೆ, ಆಕೆ ಒಪ್ಪಿದ್ದು ಏನನ್ನು? ಕೆಲವರು ಪ್ರೌಢವಾಗಲೆಂದು ಬಳಸುವ ‘ಅಸ್ಥಿಕಸಿ’ ಅರಿಸಮಾಸವಾಗುವುದು ಹಾಗಿರಲಿ. ಅಸ್ಥಿಯೆಂದೊಡನೆ ಕನ್ನಡ ಮನೆಗಳಲ್ಲಿ ನೆನಪಾಗುವುದು ಚಿತೆಯಿಂದ ಆಯ್ದು ಹೊಳೆಗೆ ಬಿಡುವ ಮೂಳೆ. ವಿಚಿತ್ರವೆಂದರೆ, ದಾನಿಯ ಮೂಳೆಯ ಮಟ್ಟಿಗೆ ಆ ಧ್ವನಿಯೇ ಸತ್ಯಕ್ಕೆ ಸಮೀಪವಾಗಿದೆ.

ಇದನ್ನು ಮಡಿವಂತಿಕೆಯ ಗೊಡವೆಯೆಂದು ತಳ್ಳಿಹಾಕುವವರಿರಬಹುದು. ಆದರೆ ಔಷಧದ್ರವ್ಯವು ಯಾವ ಜೀವಿಯಿಂದ ಬಂದಿತೆಂಬ ಪ್ರಶ್ನೆಯೊಡನೆಯೇ ಕನ್ನಡ ವೈದ್ಯವಾಙ್ಮಯವು ಬೆಳೆದಿದೆ. ಹನ್ನೆರಡನೆಯ ಶತಮಾನದ ಜಗದ್ದಳ ಸೋಮನಾಥನು ಪೂಜ್ಯಪಾದರ ಕೃತಿಯನ್ನು ಕನ್ನಡಿಸಿದ ಕರ್ಣಾಟಕ ಕಲ್ಯಾಣಕಾರಕವು ಮದ್ಯಮಾಂಸಗಳಿಲ್ಲದ ಚಿಕಿತ್ಸೆಯನ್ನು ವಿಧಿಸುವುದಕ್ಕೇ ಹೆಸರಾದುದು. ಆ ನಿಯಮವನ್ನು ಒಪ್ಪುವುದು ಬಿಡುವುದು ಬೇರೆ. ಓದುಗನಿಗೆ ದ್ರವ್ಯದ ಮೂಲವನ್ನು ಮರೆಮಾಡದ ಆ ಶೈಲಿ ಅನುಕರಣೀಯ. ಅದೇ ಶತಮಾನದಲ್ಲಿ ಚಾಲುಕ್ಯರ ಕೀರ್ತಿವರ್ಮನು ಗೋವೈದ್ಯವನ್ನು ಬರೆದನು. ಅಂದು ರೋಗಿಯಾಗಿದ್ದ ಗೋವು ಇಂದು ಔಷಧವಾಗಿರುವುದನ್ನು ನಮ್ಮ ಬರಹಗಾರರು ಹೇಳದೆ ಜಾರಿಕೊಳ್ಳುವುದು ಸಲ್ಲದು. ಈ ಸಂಕೋಚ ಕನ್ನಡಿಗರದೊಂದೇ ಅಲ್ಲ: 1668ರಲ್ಲಿ ಪ್ರಕಟವಾದ ಡಚ್ ಶಸ್ತ್ರವೈದ್ಯ ಯೋಬ್ ವಾನ್ ಮೇಕೆರೆನನ ವರದಿಯಲ್ಲಿ, ತಲೆಬುರುಡೆಗೆ ನಾಯಿಯ ಮೂಳೆಯನ್ನು ಕೂಡಿಸಿಕೊಂಡ ರಷ್ಯದವನೊಬ್ಬನು ಅದಕ್ಕಾಗಿ ಚರ್ಚಿನಿಂದ ಬಹಿಷ್ಕೃತನಾದ ಸಂಗತಿಯಿದೆ.

ಹಾಗಾದರೆ ನೂತನಪದವನ್ನು ಟಂಕಿಸಬೇಕೆ? ಸಂಸ್ಕೃತದ ಆರೇಳು ಅಕ್ಷರಗಳ ಸಮಾಸವು ನಿಘಂಟಿನಲ್ಲಿ ಮೆರೆದೀತು, ಚಿಕಿತ್ಸಾಲಯದಲ್ಲಿ ಮೂಕವಾದೀತು. ‘ಮೂಳೆ ತುಂಬುವುದು’ ಎಂಬ ಆಡುಮಾತೇ ಕ್ರಿಯೆಗೆ ಸಾಕು. ದ್ರವ್ಯಕ್ಕೆ ‘ಸ್ವಂತ ಮೂಳೆ’, ‘ದಾನಿಯ ಮೂಳೆ’, ‘ದನದ ಮೂಳೆ’, ‘ಕೃತಕ ಮೂಳೆ’ ಎಂದು ವಿಶೇಷಣವನ್ನು ಬಿಡದೆ ಸೇರಿಸಬೇಕು. ಪುಡಿಯ ಮೇಲೆ ಹೊದಿಸುವ ಪೊರೆಗೂ ಇದೇ ನ್ಯಾಯ. ಅದನ್ನು ಕೊಲಾಜನ್ನಿನಿಂದ ಮಾಡಿದ್ದಾದರೆ, ಆ ಕೊಲಾಜನ್ ಸಾಮಾನ್ಯವಾಗಿ ದನದ್ದು ಅಥವಾ ಹಂದಿಯದು; ‘ಮೂಳೆ ಕಸಿ’ ಎಂಬ ಪದದಲ್ಲಿ ಅದಕ್ಕೆ ಸ್ಥಳವೇ ಇಲ್ಲ.