ಚಿತೆಯನ್ನು ತಡೆದ ಚಿಂತೆ

ಚಿತೆಗೂ ಚಿಂತೆಗೂ ಒಂದು ಸೊನ್ನೆಯಷ್ಟೇ ಅಂತರವೆಂಬ ಮಾತುಂಟು. ಯು. ಆರ್. ಅನಂತಮೂರ್ತಿಯವರ ‘ಸಂಸ್ಕಾರ’ (1965) ಕಾದಂಬರಿಯಲ್ಲಿ ಇವೆರಡೂ ಎದುರುಬದುರಾಗಿ ನಿಂತಿವೆ. ದೂರ್ವಾಸಪುರದ ಅಗ್ರಹಾರದಲ್ಲಿ ನಾರಣಪ್ಪ ಸತ್ತಿದ್ದಾನೆ. ಆಚಾರಗೆಟ್ಟ ಅವನಿಗೆ ಸಂಸ್ಕಾರ ಮಾಡತಕ್ಕವರಾರು? ಪ್ರಾಣೇಶಾಚಾರ್ಯರು ಗ್ರಂಥಗಳನ್ನು ತಿರುವುತ್ತಾರೆ. ಅಲ್ಲಿ ಉತ್ತರ ದೊರೆಯದೆ ಮಾರುತಿಯ ಮೊರೆ ಹೋಗುತ್ತಾರೆ. ಅತ್ತ ಹೆಣ ಕೊಳೆಯುತ್ತದೆ. ಅದನ್ನು ಸಾಗಿಸುವವರೆಗೆ ಅಗ್ರಹಾರದಲ್ಲಿ ಊಟವಿಲ್ಲ.

ಆಚಾರ್ಯರ ಈ ತೊಳಲಾಟವನ್ನೇ ಕೃತಿಯ ಹಿರಿಮೆಯೆಂದು ನಾವು ತರಗತಿಗಳಲ್ಲಿ ಪಾಠ ಹೇಳುತ್ತ ಬಂದಿದ್ದೇವೆ. ಅದು ಸುಳ್ಳಲ್ಲ. ಊರಿಗೆ ಊರೇ ತನ್ನ ಹೊಣೆಯನ್ನು ಒಬ್ಬನ ಹೆಗಲಿಗೇರಿಸಿದಾಗ ಅವನು ಯೋಚಿಸುವುದು ಧರ್ಮವೇ ಸರಿ. ಆದರೆ ಯೋಚನೆ ಯಾವಾಗ ಧರ್ಮ, ಯಾವಾಗ ಚಟ? ವಿಳಂಬದ ಬೆಲೆಯನ್ನು ತೆರುವವರು ಬೇರೆಯವರಾದಾಗ ಅದು ಚಟವೆಂದು ನನ್ನ ಅಭಿಪ್ರಾಯ.

ಚಂದ್ರಿಯನ್ನು ನೋಡಿರಿ. ಆಕೆ ವಿಚಾರವಿಲ್ಲದವಳಲ್ಲ. ಮೊದಲು ಬ್ರಾಹ್ಮಣರನ್ನು ಬೇಡುತ್ತಾಳೆ, ಖರ್ಚಿಗೆಂದು ಮೈಮೇಲಿನ ಒಡವೆಗಳನ್ನು ಬಿಚ್ಚಿಡುತ್ತಾಳೆ, ಕಾಯುತ್ತಾಳೆ. ಕೊನೆಗೆ ಬ್ಯಾರಿಯೊಬ್ಬನ ನೆರವಿನಿಂದ ರಾತ್ರೋರಾತ್ರಿ ದಹನ ಮುಗಿಸುತ್ತಾಳೆ. ಪಂಡಿತರು ಇನ್ನೂ ಪ್ರಶ್ನೆಯಲ್ಲಿಯೇ ಇರುವಾಗ ಹೆಣ ಬೂದಿಯಾಗಿರುತ್ತದೆ!

ಇಲ್ಲಿಯೇ ಲೇಖಕರೊಡನೆ ನನ್ನ ಜಗಳ. ಕೆಲಸ ಮಾಡಿದ ಚಂದ್ರಿಯನ್ನು ಅವರು ಕುಂದಾಪುರಕ್ಕೆ ಕಳುಹಿಸಿಬಿಡುತ್ತಾರೆ. ಉಳಿದ ಪುಟಗಳೆಲ್ಲ ಯೋಚಿಸುವವನ ಪಾಲಾಗುತ್ತವೆ. ನಡೆದುದನ್ನು ನಾಲ್ವರ ಮುಂದೆ ಹೇಳಬೇಕೆಂದು ಹೊರಟ ಆಚಾರ್ಯರು ಕೊನೆಯಲ್ಲಿಯೂ ಗಾಡಿಯಲ್ಲಿಯೇ ಇದ್ದಾರೆ. ಕಲೆಯ ದೃಷ್ಟಿಯಿಂದ ಅದು ಉಚಿತವೇ ಇರಬಹುದು. ಆದರೆ ಓದುಗನು ಅನಿಶ್ಚಯವನ್ನೇ ಆಳವೆಂದು ಭ್ರಮಿಸುವ ಅಪಾಯವೂ ಅದರಲ್ಲಿದೆ.

ಭ್ರಮೆ ಪುಸ್ತಕದೊಳಗೇ ನಿಲ್ಲುವುದಿಲ್ಲ. ನಮ್ಮ ನವನಗರದಲ್ಲಿ ಆಚಾರ್ಯರ ತಮ್ಮಂದಿರಿಗೆ ಕೊರತೆಯಿಲ್ಲ. ವರನ ಜಾತಕ ಕೂಡಿತು, ಸಂಬಳ ತಿಳಿಯಿತು, ಮನೆತನವನ್ನೂ ವಿಚಾರಿಸಿದ್ದಾಯಿತು. ಆದರೂ ‘ನೋಡೋಣ’ ಎನ್ನುತ್ತ ವರ್ಷ ಕಳೆಯುವ ತಂದೆ ತನ್ನನ್ನು ದೂರದರ್ಶಿಯೆಂದು ತಿಳಿಯುತ್ತಾನೆ. ಬಾಗಿಲ ಮರೆಯಲ್ಲಿ ನಿಂತ ಮಗಳು ಏನು ತಿಳಿಯುತ್ತಾಳೆ? ತಾಯಿಯ ಶಸ್ತ್ರಚಿಕಿತ್ಸೆಗೆ ನಾಲ್ಕು ಡಾಕ್ಟರರನ್ನು ಕೇಳಿ ಐದನೆಯವರನ್ನು ಹುಡುಕುವ ಮಗನು ತನ್ನನ್ನು ಜಾಗರೂಕನೆಂದುಕೊಳ್ಳುತ್ತಾನೆ. ನೋವು ಮಾತ್ರ ತಾಯಿಯದು. ಹಳೆಯ ಬಾಗಲಕೋಟೆಯ ಮುಳುಗಡೆಯಿಂದ ಹುಟ್ಟಿದ ಊರು ನಮ್ಮದು. ಆಲಮಟ್ಟಿಯ ಹಿನ್ನೀರು ಯಾರ ನಿರ್ಧಾರಕ್ಕೂ ಕಾಯಲಿಲ್ಲವೆಂಬುದನ್ನು ನಮಗೆ ಬೇರೆ ಯಾರೂ ಕಲಿಸಬೇಕಾಗಿಲ್ಲ.

ಯೋಚಿಸಬಾರದೆಂದು ನಾನು ಹೇಳುತ್ತಿಲ್ಲ. ‘ಸಂಸ್ಕಾರ’ವನ್ನು ಇನ್ನೊಮ್ಮೆ ಓದುವಾಗ ಆಚಾರ್ಯರ ಮನಸ್ಸಿನೊಳಗೆ ಇಳಿಯುವ ಮುನ್ನ, ಹಸಿದು ಕುಳಿತ ಅಗ್ರಹಾರದ ಮಕ್ಕಳನ್ನೊಮ್ಮೆ ನೋಡಬೇಕು. ಚಂದ್ರಿಯ ಆ ಕೆಲವೇ ಪುಟಗಳನ್ನೂ ನಿಧಾನವಾಗಿ ಓದಬೇಕು.