ಹಂಪಿಯ ನಗರ ಪರಿಸರ ಸಂಶೋಧನೆ: ಸಹಯೋಗವೆಂದರೇನು?

ವಿಜಯನಗರವನ್ನು ಕುರಿತ ವಿದೇಶೀಯರ ಬರಹವೆಂದೊಡನೆ ರಾಬರ್ಟ್ ಸೀವೆಲ್ಲನ 1900ರ ಗ್ರಂಥವನ್ನು ನೆನೆಯುವುದು ವಾಡಿಕೆ. ಅದು ಅರಸರ ಮತ್ತು ಯುದ್ಧಗಳ ಕಥನ. ಅಷ್ಟು ದೊಡ್ಡ ನಗರವು ಯಾವ ನೀರನ್ನು ಕುಡಿದು, ಯಾವ ಮಣ್ಣಿನ ಬೆಳೆಯನ್ನುಂಡು ಬದುಕಿತೆಂಬ ಪ್ರಶ್ನೆಯನ್ನು ಶಾಸ್ತ್ರೀಯವಾಗಿ ಎತ್ತಿದ ಕೃತಿಗಳಲ್ಲಿ ಕ್ಯಾಥ್ಲೀನ್ ಮಾರಿಸನ್ ಅವರ ‘ಫೀಲ್ಡ್ಸ್ ಆಫ್ ವಿಕ್ಟರಿ’ (1995) ಮುಖ್ಯವಾದುದು.

ಜನಸಂಖ್ಯೆ ಹೆಚ್ಚಿದಂತೆ ಬೇಸಾಯವು ಒಂದೇ ಹಾದಿಯಲ್ಲಿ ತೀವ್ರಗೊಳ್ಳುತ್ತದೆಂದು ಎಸ್ಟರ್ ಬೊಸೆರಪ್ 1965ರಲ್ಲಿ ವಾದಿಸಿದ್ದರು. ಹಂಪಿಯ ಸುತ್ತ ಹಾಗಾಗಲಿಲ್ಲವೆಂಬುದು ಮಾರಿಸನ್ನರ ಸಿದ್ಧಾಂತ. ಕಾಲುವೆಯ ತರಿ, ಕೆರೆಯ ನೀರಾವರಿ, ಮಳೆಯನ್ನೇ ನಂಬಿದ ಖುಷ್ಕಿ ಇವೆಲ್ಲವೂ ಏಕಕಾಲದಲ್ಲಿ ಬೇರೆಬೇರೆ ದಿಕ್ಕುಗಳಲ್ಲಿ ಬೆಳೆದುವು. ಇದಕ್ಕೆ ಆಧಾರವಾಗಿ ಶಾಸನಗಳನ್ನೂ ಏರಿಗಳ ಸಮೀಕ್ಷೆಯನ್ನೂ ಮಾತ್ರವಲ್ಲದೆ, ಕಮಲಾಪುರದ ಕೆರೆಯ ಹೂಳಿನಲ್ಲಿ ಉಳಿದ ಪರಾಗವನ್ನೂ ಇದ್ದಿಲಿನ ಕಣಗಳನ್ನೂ ಅವರು ಪರೀಕ್ಷಿಸಿದ್ದಾರೆ. ಹೂಳನ್ನು ಶಾಸನದಂತೆ ಓದುವ ಈ ವಿಧಾನವು ನಮ್ಮ ಇತಿಹಾಸದ ವಿದ್ಯಾರ್ಥಿಗಳು ಅಗತ್ಯವಾಗಿ ಕಲಿಯತಕ್ಕದ್ದು.

ಆದರೆ ಒಂದು ಕೊರತೆಯನ್ನು ಹೇಳದೆ ವಿಧಿಯಿಲ್ಲ. 1980ರಿಂದ ಜಾನ್ ಫ್ರಿಟ್ಸ್, ಜಾರ್ಜ್ ಮಿಷೆಲ್ ಅವರೂ, ಆ ಬಳಿಕ ಕಾರ್ಲಾ ಸಿನೊಪೊಲಿ ಮತ್ತು ಮಾರಿಸನ್ ಅವರೂ ಇಲ್ಲಿ ದುಡಿದುದಕ್ಕೆ ರಾಜ್ಯದ ಪುರಾತತ್ವ ಇಲಾಖೆಯ ನೆರವಿತ್ತು. ಈ ನೆರವು ಅಲ್ಪವೆಂದು ನಾವು ಹೇಳುವುದಿಲ್ಲ. ಆದರೂ ಗ್ರಂಥದ ಮೂಲಪ್ರಶ್ನೆ ಹುಟ್ಟಿದ್ದು ಪಾಶ್ಚಾತ್ಯ ಸಿದ್ಧಾಂತದೊಡನೆ ನಡೆದ ವಾದದಿಂದ, ತೂಬಿನ ಬಳಿ ನಿಂತ ರೈತನ ಅನುಭವದಿಂದಲ್ಲ. ಕೆರೆ, ಕಟ್ಟೆ, ಕುಂಟೆಗಳು ಇಂಗ್ಲಿಷಿನ ಒಂದೇ ಪದದೊಳಗೆ ಅಡಗಿದರೆ, ರೈತನು ಅವುಗಳಲ್ಲಿ ಕಾಣುವ ಭೇದವೂ ಅಡಗಿಹೋಗುತ್ತದೆ. ತುರ್ತು ಕಾಲುವೆಯ ನೀರಿನಲ್ಲಿ ಇಂದಿಗೂ ಬಾಳೆ ಬೆಳೆಯುವವರು ಕೇವಲ ಮಾಹಿತಿ ಕೊಡುವವರಲ್ಲ. ಪ್ರಶ್ನೆ ಕೇಳಲೂ ಅರ್ಹರು.

ನಗರ ಪರಿಸರವು ಅಳಿದ ನಗರಕ್ಕಷ್ಟೇ ಸೇರಿದ ವಿಷಯವೂ ಅಲ್ಲ. ವಿರೂಪಾಕ್ಷ ದೇವಾಲಯದ ಮುಂದಿನ ಹಂಪಿ ಬಜಾರಿನ ಸಾಲುಮಂಟಪಗಳಲ್ಲಿ ಜನರು ಮನೆ, ಅಂಗಡಿ ಮಾಡಿಕೊಂಡಿದ್ದರು. 2011ರಲ್ಲಿ ಅವರನ್ನು ತೆರವುಗೊಳಿಸಲಾಯಿತು. ಸ್ಮಾರಕದ ರಕ್ಷಣೆ ಬೇಕಾದುದೇ. ಆದರೆ ಜನರೊಡನೆ ಅವರ ಒಲೆ, ದನ, ಎಸೆದ ಅನ್ನ ಎಲ್ಲವೂ ಆ ಬೀದಿಯಿಂದ ಹೋದಮೇಲೆ, ಅವನ್ನೇ ನೆಚ್ಚಿದ್ದ ಕಪಿಗಳ ಮತ್ತು ಹಕ್ಕಿಗಳ ನಡವಳಿಕೆ ಹೇಗೆ ಬದಲಾಯಿತು? ಜೀವಿವಿಕಾಸದ ವಿದ್ವಾಂಸರಿಗೆ ಇದಕ್ಕಿಂತ ಸಮೀಪದ ಪ್ರಶ್ನೆ ಯಾವುದು? ಹಿಂದಿನ ಸ್ಥಿತಿಯನ್ನು ಕಣ್ಣಾರೆ ಕಂಡವರು ಆ ತೆರವಾದ ನಿವಾಸಿಗಳೇ. ಅವರ ನೆನಪು ಮಾಸುವ ಮುನ್ನ ಅದನ್ನು ದಾಖಲಿಸಬೇಕು.

1991ರಲ್ಲಿ ಸ್ಥಾಪಿತವಾದ ಕನ್ನಡ ವಿಶ್ವವಿದ್ಯಾಲಯವು ಇದೇ ನೆಲದಲ್ಲಿದೆ. ಹೊರದೇಶದ ತಂಡಗಳು ಅಲ್ಲಿನ ಅಧ್ಯಾಪಕರೊಡನೆ ಪ್ರಶ್ನೆಯನ್ನು ರೂಪಿಸುವ ಹಂತದಲ್ಲಿಯೇ ಕುಳಿತುಕೊಳ್ಳಬೇಕು. ಫಲಿತಾಂಶಗಳು ಕನ್ನಡದಲ್ಲಿಯೂ ಜೊತೆಜೊತೆಗೆ ಬರಬೇಕು. ಮೊದಲಿಗೆ ಕಮಲಾಪುರದ ಹೂಳಿನಲ್ಲಿ ದೊರೆತ ಪರಾಗಗಳ ಪಟ್ಟಿಯನ್ನು ಕನ್ನಡಿಸಬಹುದು. ಆ ಗಿಡಗಳಿಗೆ ಊರಿನ ಹೆಸರುಗಳನ್ನು ಹೇಳಬಲ್ಲವರು ಹಂಪಿಯಲ್ಲಿಯೂ ಕಂಪ್ಲಿಯ ಗದ್ದೆಬಯಲಿನಲ್ಲಿಯೂ ಇದ್ದಾರೆ.